ಮೋಟುಗಡಿಗೆ ದಿನ್ನೆ

ಮಣ್ಣೇರಿಯ ಮೂಡಣಕ್ಕೆ, ಹೊಳೆದಂಡೆಯ ಮೇಲೆ ಜಾಲಿ ಬೆಳೆದ ಒಂದು ದಿನ್ನೆಯಿದೆ. ಮಳೆ ಬಿದ್ದಾಗಲೆಲ್ಲ ಅಲ್ಲಿ ಕೆಂಪು ಗಡಿಗೆಗಳು ಮಣ್ಣಿನಿಂದ ಮೇಲೇಳುತ್ತವೆ. ಹೊಟ್ಟೆಯಿದೆ, ಕೊರಳಿದೆ, ಬಾಯಿ ಮಾತ್ರ ಒಂದಕ್ಕೂ ಇಲ್ಲ. ಎತ್ತು ತುಳಿದು ಒಡೆದಿರಬೇಕು ಎಂದು ನೋಡಲು ಬಂದವರು ಹೇಳಿಹೋಗುತ್ತಾರೆ. ಎತ್ತೇನು ಬಾಯಿಯನ್ನಷ್ಟೇ ಆರಿಸಿ ತುಳಿಯುತ್ತದೆಯೇ? ಊರ ಹಿರಿಯರು ಹೇಳುವುದೇ ಬೇರೆ.

ಹಿಂದೆ ಒಮ್ಮೆ ಹೊಳೆಯಾಚೆಯ ಕುಂಬಾರರ ಊರೊಂದನ್ನು ಅಲ್ಲಿನ ಪಾಳೆಯಗಾರ ಸುಟ್ಟು ಬೂದಿ ಮಾಡಿದನಂತೆ. ಉಳಿದವರನ್ನೂ ಹುಡುಕಿ ಕೊಲ್ಲಲು ಆಳುಗಳನ್ನು ಬಿಟ್ಟ. ತಪ್ಪಿಸಿಕೊಂಡ ನಾಲ್ಕಾರು ಮನೆಯವರು ಮಣ್ಣೇರಿ ಸೇರಿ ಉಡುಗೆ ಬದಲಿಸಿದರು, ಮಾತು ಬದಲಿಸಿದರು. ಆದರೆ ಕೈ ಬದಲಾಗಬೇಕಲ್ಲ! ಈ ಕಡೆಯ ಗಡಿಗೆಗೆ ನುಣುಪು ಅಂಚು. ಅವರದಕ್ಕೆ ಕರಿಗಡುಬಿನ ಹಾಗೆ ಹೆಬ್ಬೆರಳಿನಿಂದ ಚಿವುಟಿದ ಅಂಚು. ಆಳುಗಳು ಸಂತೆಯಲ್ಲಿ ಗಡಿಗೆಯ ಬಾಯಿ ಸವರಿಯೇ ಇಬ್ಬರನ್ನು ಹಿಡಿದು ಕೊಂದರು. ಅಂದಿನಿಂದ ಯಾರೂ ಅಂಚು ಚಿವುಟಬಾರದೆಂದು ಗುಂಪಿನ ಹಿರಿಯ ಮಾರೆಪ್ಪ ಕಟ್ಟು ಮಾಡಿದ.

ಅವನ ಸೊಸೆ ಹುಲಿಗೆವ್ವನ ಪುಟ್ಟ ಮಗಳು ಜ್ವರ ಬಂದು ತೀರಿಕೊಂಡಳು. ದಿನಕರ್ಮದಂದು ಮನೆಯ ಹೆಂಗಸು ಮಾಡಿದ ಗಡಿಗೆಯನ್ನು ಸತ್ತವರ ತಲೆದೆಸೆಯಲ್ಲಿ ಹೂಳುವುದು ಅವರ ಪದ್ಧತಿ. ಆ ಚಿವುಟಿದ ಅಂಚು ನೋಡಿಯೇ, ಮೊದಲು ಹೋದ ಹಿರಿಯರು ನಮ್ಮ ಕೂಸೆಂದು ಕೈಹಿಡಿದು ಕರೆದೊಯ್ಯುತ್ತಾರೆಂಬ ನಂಬಿಕೆ. ಒಂದೇ ಒಂದಕ್ಕೆ ಅಪ್ಪಣೆ ಕೊಡಿರೆಂದು ಹುಲಿಗೆವ್ವ ಮಾವನ ಕಾಲು ಹಿಡಿದಳು. “ಸತ್ತ ಕೂಸಿನ ಗುರುತಿಗೆ ಇದ್ದ ಕೂಸುಗಳ ಕುತ್ತಿಗಿ ಕೊಡ್ಲೇನವ್ವಾ?” ಎಂದು ಮುದುಕ ಅತ್ತ. ಅವಳು ಮಣ್ಣನ್ನು ಹಲಗೆಯಿಂದ ತಟ್ಟಿ ಗಡಿಗೆ ಮಾಡಿದಳು. ಕಣ್ಣೀರು ಒರೆಸಿ ನೋಡುತ್ತಾಳೆ, ಹೆಬ್ಬೆರಳು ತಾನಾಗಿಯೇ ಅಂಚನ್ನು ಚಿವುಟಿಬಿಟ್ಟಿದೆ! ನುಣುಪು ಅಂಚು ಹಾಕಿ ಮಗಳನ್ನು ಪರರ ಕೂಸಾಗಿ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ದಾರ ಹಿಡಿದು ಹಸಿ ಬಾಯಿಯನ್ನೇ ಕೊಯ್ದಳು. ಮುಂದೆ ಅವರಲ್ಲಿ ಯಾರು ಸತ್ತರೂ ಈ ದಿನ್ನೆಯಲ್ಲಿ ಅಂಥದೇ ಮೋಟುಗಡಿಗೆ ಇಟ್ಟು ಹೂಳಿದರು. ದಿನ್ನೆಗೆ ಅದೇ ಹೆಸರು ನಿಂತಿತು ಎನ್ನುತ್ತಾರೆ.

ಕಾಲ ಕಳೆದು ಪಾಳೆಯಗಾರ ಸತ್ತ, ಭಯ ಹೋಯಿತು. ಇನ್ನು ನಮ್ಮ ಅಂಚು ಮಾಡೋಣವೆಂದು ಮುದುಕಿಯಾದ ಹುಲಿಗೆವ್ವ ಮಣ್ಣಿನ ಮುಂದೆ ಕುಳಿತಳು. ಯಾವ ಕಡೆಯಿಂದ ಚಿವುಟಬೇಕು, ಎಷ್ಟು ಒತ್ತಬೇಕು, ಹೆಬ್ಬೆರಳಿಗೆ ಒಂದೂ ನೆನಪಾಗಲಿಲ್ಲ. ಕೇಳೋಣವೆಂದರೆ ಬಲ್ಲವರೆಲ್ಲ ದಿನ್ನೆಯ ಮಣ್ಣು ಸೇರಿದ್ದರು. “ನನ್ನ ತಲೆದೆಸಿಗಿಡೋ ಗಡಿಗಿಗೂ ಬಾಯಿಲ್ಲ, ಕೂಸಿನದಕ್ಕೂ ಇಲ್ಲ. ಅಲ್ಲಿ ಹೋಗಿ ನನ್ನ ಕೂಸನ್ನ ಹೆಂಗ ಹುಡುಕಲಿ?” ಎಂದು ಸಾಯುವತನಕ ಕಂಡವರನ್ನೆಲ್ಲ ಕೇಳಿದಳಂತೆ.

ಇಂದಿಗೂ ದಿನ್ನೆಯ ಇಳಿಜಾರಿನಲ್ಲಿ ಒಂದು ಪುಟ್ಟ ಗಡಿಗೆ, ಅದರ ಮಗ್ಗುಲಿಗೆ ಒಂದು ದೊಡ್ಡದು ಕಾಣುತ್ತವೆ. ಬಗ್ಗಿ ಬೆರಳಾಡಿಸಿದರೆ ಎರಡರಲ್ಲೂ ಒಡಕಿನ ಒರಟಿಲ್ಲ. ದಾರ ಕೊಯ್ದ ಜಾಗ ಈಗಲೂ ನುಣ್ಣಗಿದೆ.