ದಂಡೆಯ ಗುಡಿಸಲುಗಳ ಫೋನ್ ನಂಬರ್

"ಗುರುಗಳೇ, ಇನ್ನು ಮೇಲೂ ನಾವು ಮನೆಮನೆ ತಿರುಗಬೇಕೆ?" ಎಂದು ಶಿಷ್ಯ ಕೇಳಿದ. ಅವನು ನೂರಾರು ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಸೇವಾ ಸಂಸ್ಥೆಯ ಮುಖ್ಯಸ್ಥ. "ಎಲ್ಲ ಮನೆಗಳ ವಿವರ ಕಂಪ್ಯೂಟರಿನಲ್ಲಿದೆ. ಪ್ರತಿ ಮನೆಯ ಮುಂದೆಯೂ ಫೋನ್ ನಂಬರ್ ಇದೆ, ಒಂದೂ ಖಾಲಿ ಇಲ್ಲ. ಕೂತಲ್ಲಿಂದಲೇ ಎಲ್ಲರಿಗೂ ವಿಷಯ ಮುಟ್ಟಿಸಬಹುದು. ತಿರುಗಾಡುವ ಕಾರ್ಯಕರ್ತರನ್ನು ಬಿಟ್ಟುಬಿಡೋಣವೆಂದಿದ್ದೇನೆ. ತಾವು ಹೂಂ ಅಂದರೆ ಆಯಿತು."

ಗುರು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಹೊಳೆಯ ಪಕ್ಕದಲ್ಲಿ ಒಂದು ಊರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ದಂಡೆಯ ಗುಡಿಸಲುಗಳು ಮೊದಲು ಮುಳುಗುತ್ತಿದ್ದವು. ಅಲ್ಲಿದ್ದವರು ಮೀನು ಹಿಡಿದು ಬದುಕುವವರು. ಆ ಊರಿನಲ್ಲಿ ಒಂದು ಸೇವಾ ಸಂಸ್ಥೆಯ ಕಾರ್ಯಕರ್ತನಿದ್ದ. ನೀರು ಬಿಡುವ ಸುದ್ದಿ ಬಂದರೆ ತಗಡಿನ ಡಬ್ಬಿ ಬಡಿಯುತ್ತ ಊರೆಲ್ಲ ಓಡುವುದು ಅವನ ಕೆಲಸ. ಡಬ್ಬಿಯ ಸದ್ದು ಕೇಳಿದರೆ ಜನ ಮಕ್ಕಳನ್ನೆತ್ತಿಕೊಂಡು ದಿಬ್ಬದ ಮೇಲಿನ ಶಾಲೆಗೆ ಹೋಗುತ್ತಿದ್ದರು.

ಕಾಲ ಬದಲಾಯಿತು. ಸಂಸ್ಥೆಯವರು ಅವನ ಕೈಗೆ ಒಂದು ಮೊಬೈಲ್ ಕೊಟ್ಟು, ಪ್ರತಿ ಮನೆಯ ಹೆಸರು, ಜನ, ಫೋನ್ ನಂಬರ್ ತುಂಬಿಸು ಎಂದರು. ಇನ್ನು ಸುದ್ದಿ ನೇರವಾಗಿ ಅವರವರ ಫೋನಿಗೇ ಹೋಗುತ್ತದೆ, ಡಬ್ಬಿ ಬೇಡ ಎಂದರು. ಡಬ್ಬಿ ಅಟ್ಟ ಸೇರಿತು. ಕಾರ್ಯಕರ್ತ ಊರಿನ ವಿವರವೆಲ್ಲ ತುಂಬಿಸಿಕೊಂಡು ದಂಡೆಗೆ ಬಂದ. ಅಲ್ಲಿ ಕೆಲಸ ನಿಂತಿತು. ಗುಡಿಸಲುಗಳಲ್ಲಿ ಯಾರ ಬಳಿಯೂ ಫೋನ್ ಇರಲಿಲ್ಲ. ನಂಬರ್ ಹಾಕದೆ ಮೊಬೈಲು ಮುಂದಿನ ಮನೆಗೆ ಹೋಗಲು ಒಪ್ಪಲಿಲ್ಲ. ಅವನು ಮುಖ್ಯಸ್ಥರಿಗೆ ಕರೆ ಮಾಡಿದ.

"ಸರ, ಇವರ ಕಡೆ ಫೋನ್ ಇಲ್ರಿ. ಖಾಲಿ ಬಿಟ್ರ ಮುಂದ ಹೋಗವಲ್ದು."

"ಏನರ ಒಂದ್ ಹಾಕಿ ಮುಗಸಪಾ. ಎಲ್ಲಾ ಊರಿಂದು ಮುಗದೈತಿ, ನಿಂದೊಂದ ಉಳದೈತಿ."

ಬಾಯಿಗೆ ಬಂದ ನಂಬರ್ ಹಾಕಲು ಅವನಿಗೆ ಮನಸ್ಸಾಗಲಿಲ್ಲ. ಒಳ್ಳೆಯವನು. ಎಲ್ಲ ಗುಡಿಸಲುಗಳ ಮುಂದೆಯೂ ತನ್ನದೇ ನಂಬರ್ ಹಾಕಿದ. ಬಾಳವ್ವ ಎಂಬ ಮುದುಕಿ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನೋಡುತ್ತ ನಿಂತಿದ್ದಳು.

"ನಮಗ ಹೆಂಗ ತಿಳೀತೈತೋ ತಮ್ಮಾ?"

"ನನಗ ಬರತೈತಿ ಆಯಿ. ಓಡಿ ಬಂದು ಹೇಳ್ತೇನಿ."

ಹೇಳಿದಂತೆ ನಡೆದುಕೊಂಡ. ಆ ಮಳೆಗಾಲ, ಅದರ ಮುಂದಿನ ಮಳೆಗಾಲ, ಫೋನ್ ಸದ್ದಾದ ಕೂಡಲೇ ಉಣ್ಣುವ ತಟ್ಟೆ ಬಿಟ್ಟು ದಂಡೆಗೆ ಓಡಿದ. ಕಂಪ್ಯೂಟರಿಗೆ ಅವನ ಓಟ ಕಾಣಲಿಲ್ಲ. ಎಲ್ಲ ಮನೆಗಳಿಗೂ ಸುದ್ದಿ ತಲುಪಿತು ಎಂದಷ್ಟೇ ಅದು ತೋರಿಸಿತು. ಒಂದು ಮನೆಯೂ ಬಿಟ್ಟುಹೋಗದ ಊರು ಎಂದು ಸಂಸ್ಥೆ ಹಿಗ್ಗಿ, ಅವನನ್ನು ಪಟ್ಟಣಕ್ಕೆ ಕರೆಸಿ ಸನ್ಮಾನ ಇಟ್ಟುಕೊಂಡಿತು.

ಹೊಗಳಿಕೆ ಯಾರಿಗೆ ಬೇಡ? ಹೋದ. ಸಭೆಯಲ್ಲಿ ಫೋನುಗಳ ಸದ್ದು ಅಡಗಿಸಿರೆಂದರು. ಅಡಗಿಸಿದ. ಹೆಗಲಿಗೆ ಶಾಲು ಬೀಳುವಾಗ ಕಿಸೆಯಲ್ಲಿ ಫೋನ್ ನಡುಗಿತು. ಮತ್ತೆ ನಡುಗಿತು, ನಡುಗುತ್ತಲೇ ಇತ್ತು. ಗೆಳೆಯರ ಅಭಿನಂದನೆ ಇರಬೇಕೆಂದು ಅವನ ಮುಖ ಅರಳಿತು. ಅದೇ ಹೊತ್ತಿಗೆ ಸಂಸ್ಥೆಯ ಜನ ತಮ್ಮ ತಮ್ಮ ಊರುಗಳಲ್ಲಿ ಕೂತು ಒಂದೇ ಪರದೆ ನೋಡುತ್ತಿದ್ದರು. ಪ್ರತಿ ಮನೆಯ ಹೆಸರಿನ ಮುಂದೆಯೂ ಸುದ್ದಿ ತಲುಪಿತೆಂಬ ಹಸಿರು ಗುರುತು ಬಿತ್ತು. ಒಬ್ಬರು ಅದರ ಕೆಳಗೆ ಕೈಮುಗಿಯುವ ಚಿತ್ರ ಹಾಕಿದರು, ಉಳಿದವರೂ ಹಾಕಿದರು. ಎಲ್ಲರಿಗೂ ತಲುಪಿದ ಮೇಲೆ ಯಾರು ಯಾರಿಗೆ ಕರೆ ಮಾಡುತ್ತಾರೆ?

ಊಟಕ್ಕೆ ಕೂತಾಗ ಅವನು ಫೋನ್ ತೆಗೆದ. ನೀರು ಬಿಡುವ ಒಂದೇ ಸುದ್ದಿ, ಗುಡಿಸಲಿಗೊಂದರಂತೆ. ಊರಿಗೆ ಕರೆ ಮಾಡಿದರೆ ಮೇಲಿನ ಓಣಿಯವನೊಬ್ಬ ಶಾಲೆಯಿಂದ ಮಾತಾಡಿದ. "ನಾವೆಲ್ಲಾ ಮ್ಯಾಲ ಬಂದೀವಿ. ದಂಡಿಯವರಿಗೆ ನೀ ಹೇಳಿರ್ತೀ ಅಂತ..."

ಊರು ಮುಟ್ಟಿದಾಗಲೂ ಶಾಲು ಅವನ ಹೆಗಲ ಮೇಲೇ ಇತ್ತು. ದಂಡೆ ಇದ್ದಲ್ಲಿ ನೀರಿತ್ತು. ಕೆಲವರು ಮರ ಹಿಡಿದು ಉಳಿದಿದ್ದರು. ಬಾಳವ್ವನೂ ಮೊಮ್ಮಗಳೂ ಸಿಗಲಿಲ್ಲ. ನೀರು ಏರುವುದನ್ನು ಕಂಡು, ಏಳು ಹೋಗೋಣ ಎಂದು ನೆರೆಯವಳು ಕರೆದಳಂತೆ. "ತಮ್ಮ ಇನ್ನಾ ಬಂದಿಲ್ಲ. ಅವ ಬಂದಿಲ್ಲಂದ್ರ ನೀರು ಬರಂಗಿಲ್ಲ" ಎಂದು ಬಾಳವ್ವ ಕೂತೇ ಇದ್ದಳಂತೆ.

ಈಗಲೂ ಹೊಳೆಗೆ ನೀರು ಬಿಟ್ಟಾಗ, ಇಲ್ಲದ ಆ ಮನೆಗಳ ಹೆಸರಿನ ಸುದ್ದಿ ಅವನ ಫೋನಿಗೇ ಬರುತ್ತದೆ. ನಂಬರ್ ಅಳಿಸಲು ಅವನಿಗೆ ಕೈ ಏಳುವುದಿಲ್ಲ.

ಕತೆ ಮುಗಿಯಿತು. ಶಿಷ್ಯ ನಿಟ್ಟುಸಿರಿಟ್ಟ. "ಪಾಪ, ಒಳ್ಳೆಯವನೇ. ಆದರೆ ಇಲ್ಲದ್ದನ್ನು ಇದೆ ಎಂದು ತುಂಬಿಸಬಾರದಿತ್ತು" ಎಂದ.

ಗುರು ಅವನ ಮುಖವನ್ನೇ ನೋಡಿ ಕೇಳಿದರು: "ನಿನ್ನ ನೂರಾರು ಹಳ್ಳಿಗಳಲ್ಲಿ ಫೋನಿಲ್ಲದ ಮನೆ ಒಂದೂ ಇಲ್ಲವೇನಪ್ಪಾ?"