ಕುಂಬಾರನ ಮಗನ ಕಾಲು

"ಬುದ್ಧೀ, ಆಡುವ ಹುಡುಗರಿಗೆ ಸಂಬಳ ಕೊಟ್ಟರೆ ಆಟ ಕೆಡುವುದಿಲ್ಲವೇ?"

ಸ್ವಾಮಿಗಳನ್ನು ಹೀಗೆ ಕೇಳಿದವನು ಷಡಕ್ಷರಿ. ಮಠದ ಕಾಲೇಜಿನ ಫುಟ್‌ಬಾಲ್ ತಂಡ ಅವನ ಉಸ್ತುವಾರಿಯಲ್ಲಿತ್ತು. ಆ ವರ್ಷ ಸುತ್ತಲಿನ ಕಾಲೇಜುಗಳು ಆಟಗಾರರಿಗೆ ತಿಂಗಳ ಸಂಬಳ ಕೊಡತೊಡಗಿದ್ದವು. ಮಠದ ತಂಡದಲ್ಲಿ ಚೆನ್ನಾಗಿ ಆಡುವ ಮೂವರು, ನಾವೂ ಅಲ್ಲಿಗೆ ಹೋಗುತ್ತೇವೆ, ವರ್ಗಾವಣೆ ಪತ್ರ ಕೊಡಿ ಎಂದು ಅರ್ಜಿ ಹಾಕಿದ್ದರು. ಷಡಕ್ಷರಿ ಇನ್ನೂ ರುಜು ಹಾಕಿರಲಿಲ್ಲ.

"ಹಣ ಅಂದರೆ ಹೆಣವೂ ಬಾಯಿ ಬಿಡುತ್ತದೆ ಅಂತಾರೆ. ಇನ್ನು ಹುಡುಗರು ಬಿಡದೆ ಇರುತ್ತಾರೆಯೇ?" ಎಂದ.

ಸ್ವಾಮಿಗಳು ನಕ್ಕರು. "ಸಿಟ್ಟು ಆಮೇಲೆ ಮಾಡುವೆಯಂತೆ. ಮೊದಲು ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಉಸ್ತಾದನಿದ್ದ. ಗರಡಿಯಲ್ಲಿ ಕುಸ್ತಿ ಕಲಿಸುವುದೇ ಅವನ ಬದುಕು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಗರಡಿಯ ಹುಡುಗರೇ ಎಲ್ಲ. ಅವನ ಬಾಯಲ್ಲಿ ಬೈಗುಳ ಧಾರಾಳ, ಎದೆಯಲ್ಲಿ ಪ್ರೀತಿ ಅದಕ್ಕಿಂತ ಧಾರಾಳ. ಯಾವ ಹುಡುಗನಿಗೆ ಜ್ವರ ಬಂದರೂ ಕಷಾಯ ಕಾಸುವವನು ಅವನೇ.

ವರ್ಷಕ್ಕೆ ನಾಲ್ಕು ಸಲ ಅಲ್ಲಿ ಕುಸ್ತಿ ನಡೆಯುತ್ತಿತ್ತು. ಏಳೂರಿನ ಜನ ಟಿಕೆಟ್ಟು ಕೊಂಡು ನೋಡುತ್ತಿದ್ದರು. ಆ ಹಣದಲ್ಲಿ ಗರಡಿಗೆ ಹೆಂಚು ಬಂತು, ಹನುಮಂತನಿಗೆ ಬೆಳ್ಳಿ ಕವಚ ಬಂತು, ಉಸ್ತಾದನಿಗೆ ಜರಿಪೇಟ ಬಂತು. ಪೈಲ್ವಾನರಿಗೆ ಹಾಲು, ಬಾದಾಮಿ. ಗೆದ್ದರೆ ಒಂದು ಹಾರ. ತಾತನ ಕಾಲದಿಂದ ನಡೆದುಬಂದದ್ದು ಹೀಗೆ, ಯಾರೂ ಅದನ್ನು ಪ್ರಶ್ನೆ ಮಾಡಿರಲಿಲ್ಲ.

ಆ ಗರಡಿಯಲ್ಲಿ ಒಬ್ಬ ಕುಂಬಾರನ ಮಗನಿದ್ದ. ಅವನ ಕೈಗೆ ಸಿಕ್ಕಿದವನು ಬಿಡಿಸಿಕೊಳ್ಳುವ ಮಾತೇ ಇಲ್ಲ. ಕಾಲು ಮಾತ್ರ ನಿಧಾನ. ಉಸ್ತಾದನಿಗೆ ತನ್ನ ಗುರುವಿನಿಂದ ಬಂದ ಒಂದು ಪಟ್ಟು ಗೊತ್ತಿತ್ತು. ಎದುರಾಳಿಯ ಸೊಂಟ ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಅವನ ಬೆನ್ನ ಹಿಂದಕ್ಕೆ ಸುತ್ತಿ, ಎತ್ತಿ ಹಾಕಬೇಕು. ಸಾಯುವುದರೊಳಗೆ ಅದನ್ನು ಒಬ್ಬನಿಗಾದರೂ ದಾಟಿಸಬೇಕೆಂಬುದೊಂದೇ ಅವನ ಆಸೆ. ಕುಂಬಾರನ ಮಗನಿಗೆ ಏಳು ವರ್ಷ ಕಲಿಸಿದ. ಹಿಡಿತ ಬಂತು, ಎತ್ತುವುದೂ ಬಂತು. ಸುತ್ತುವ ಹೊತ್ತಿಗೆ ಕಾಲು ಹಿಂದೆ ಉಳಿಯುತ್ತಿತ್ತು. "ಮೈಗಳ್ಳ! ಕಾಲಿಗೆ ಗುಂಡುಕಲ್ಲು ಕಟ್ಟಿಕೊಂಡು ಬಂದಿದ್ದೀಯೇನೋ?" ಎಂದು ಬೈದು ಉಸ್ತಾದ ಇನ್ನೂರು ಬಸ್ಕಿ ಹೆಚ್ಚಿಗೆ ಹೊಡೆಸುತ್ತಿದ್ದ. ಅವನು ತುಟಿ ಪಿಟಕ್ಕೆನ್ನದೆ ಹೊಡೆಯುತ್ತಿದ್ದ.

ಹೀಗಿರುವಾಗ ಪಕ್ಕದ ಪಟ್ಟಣದ ಒಬ್ಬ ವ್ಯಾಪಾರಿ ತನ್ನೂರಿನ ಗರಡಿಯ ಪೈಲ್ವಾನರಿಗೆ ಸಂಬಳ ಕೊಡಲು ಶುರುಮಾಡಿದ. ಸುದ್ದಿ ನಿಲ್ಲುತ್ತದೆಯೇ? ಕುಂಬಾರನ ಮಗ ಉಸ್ತಾದನ ಮುಂದೆ ಬಂದು ನಿಂತ. ಅಲ್ಲಿಗೆ ಹೋಗಲು ಅಪ್ಪಣೆ ಕೇಳಿದ.

"ಉಂಡ ಮನೆಯ ಜಂತೆ ಎಣಿಸಬೇಡವೋ!" ಎಂದ ಉಸ್ತಾದ.

"ನಾನು ಉಂಡೆ, ಉಸ್ತಾದರೇ. ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಹೋದ ಸಲ ಗೆದ್ದು ಹಾರ ಹಾಕಿಕೊಂಡು ಮನೆಗೆ ಹೋದೆ. ಅವ್ವ ಅದನ್ನು ನೋಡಿ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂದಳು."

ಮಾತು ಉಸ್ತಾದನ ಕಿವಿಗೆ ಬಿತ್ತು. ಮನಸ್ಸಿಗೆ ಬೀಳಲಿಲ್ಲ. "ಹೋಗು, ನಿನ್ನನ್ನು ನೀನು ಮಾರಿಕೋ ಹೋಗು" ಎಂದು ಮುಖ ತಿರುಗಿಸಿದ. ಕುಂಬಾರನ ಮಗ ಹನುಮಂತನಿಗೆ ಕೈಮುಗಿದು ಹೊರಟುಹೋದ. ಆ ದಿನ ಉಸ್ತಾದನಿಗೆ ಅನ್ನ ಇಳಿಯಲಿಲ್ಲ. ಮಗನಂಥವನು ಹೋದನಲ್ಲ ಎಂಬುದು ಒಂದು ಸಂಕಟ. ಗುರು ಕೊಟ್ಟ ಪಟ್ಟು ಇನ್ನು ತನ್ನ ಜೊತೆಗೇ ಮಣ್ಣಾಗುತ್ತದಲ್ಲ ಎಂಬುದು ಅದಕ್ಕಿಂತ ದೊಡ್ಡ ಸಂಕಟ.

ಒಂದು ವರ್ಷ ಕಳೆಯಿತು. ಎರಡು ಗರಡಿಗಳ ನಡುವೆ ಕುಸ್ತಿ ನಿಗದಿಯಾಯಿತು. ಕುಂಬಾರನ ಮಗನ ಎದುರಿಗೆ ಉಸ್ತಾದ ಒಬ್ಬ ಸಾಹುಕಾರನ ಮಗನನ್ನು ನಿಲ್ಲಿಸಿದ. "ಕೂಲಿಗೆ ಕುಸ್ತಿ ಹಿಡಿಯುವವನಿಗೆ ಮೈ ಬಗ್ಗುತ್ತದೆಯೇ? ನೋಡುತ್ತಿರಿ, ಮಣ್ಣು ಮುಕ್ಕುತ್ತಾನೆ" ಎಂದು ಊರೆಲ್ಲ ಹೇಳಿಕೊಂಡು ಬಂದ. ಕುಸ್ತಿಯ ದಿನ ಎಲ್ಲರಿಗಿಂತ ಮುಂದೆ ಕೂತ.

ಕುಸ್ತಿ ಶುರುವಾಯಿತು. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ತೂಗಿ ನೋಡಿದರು. ಆಮೇಲೆ ಕುಂಬಾರನ ಮಗ ಸೊಂಟ ಹಿಡಿದ. ಉಸ್ತಾದನಿಗೆ ಅವನ ಮೈಯ ಒಳಹೊರಗೆಲ್ಲ ಗೊತ್ತು. ಈಗ ಕಾಲು ಉಳಿಯುತ್ತದೆ ಅಂದುಕೊಂಡ. ಕಾಲು ಉಳಿಯಲಿಲ್ಲ. ಅಂದುಕೊಂಡು ಮುಗಿಯುವಷ್ಟರಲ್ಲಿ ಶಿಷ್ಯ ಬೆನ್ನ ಹಿಂದಕ್ಕೆ ಸುತ್ತಿಯಾಗಿತ್ತು, ಎತ್ತಿಯಾಗಿತ್ತು, ಸಾಹುಕಾರನ ಮಗ ಅಂಗಾತ ಬಿದ್ದಾಗಿತ್ತು.

"ಭಲೇ! ಭಲೇ ನನ್ನ ಕಂದಾ!"

ಕೂಗಿದವನು ಬೇರೆ ಯಾರೂ ಅಲ್ಲ, ಉಸ್ತಾದ. ಜರಿಪೇಟ ಕಳಚಿ ಬಿದ್ದದ್ದೂ ಅವನಿಗೆ ಗೊತ್ತಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾನೆ, ಕಣ್ಣಲ್ಲಿ ನೀರು ಸುರಿಯುತ್ತಿದೆ. ಸೋತದ್ದು ಅವನದೇ ಗರಡಿ. ಇವನಿಗೇನು ಹುಚ್ಚು ಹಿಡಿಯಿತೇ ಎಂದು ಜನ ಅವನನ್ನೇ ನೋಡಿದರು. ತನ್ನ ಪಟ್ಟನ್ನು ಅಷ್ಟು ಚೆಂದವಾಗಿ ಅವನು ತನ್ನ ಗುರುವಿನಲ್ಲೂ ಕಂಡಿರಲಿಲ್ಲ.

ಉಸ್ತಾದ ಅಖಾಡಕ್ಕೇ ಇಳಿದು ಹೋದ. "ಆ ಕಾಲು ನಿನಗೆ ಯಾರು ಕಲಿಸಿದರೋ?" ಎಂದು ಕೇಳಿದ.

"ಯಾರೂ ಕಲಿಸಲಿಲ್ಲ, ಉಸ್ತಾದರೇ. ಮೊದಲೆಲ್ಲ ಕೋಳಿ ಕೂಗುವಾಗ ಎದ್ದು ಅಪ್ಪನಿಗೆ ಮಣ್ಣು ತುಳಿದುಕೊಟ್ಟು ಗರಡಿಗೆ ಬರುತ್ತಿದ್ದೆ. ಈಗ ಸಂಬಳ ಬರುತ್ತದಲ್ಲ, ಮಣ್ಣು ತುಳಿಯಲು ಒಬ್ಬ ಆಳನ್ನು ಇಟ್ಟಿದ್ದೇನೆ."

ಕುಂಬಾರರು ಮಡಕೆ ಮಾಡುವ ಮುಂಚೆ ಮಣ್ಣು ತುಳಿಯುತ್ತಾರೆ ಎಂಬುದು ಊರಿನ ಕೂಸಿಗೂ ಗೊತ್ತು. ಉಸ್ತಾದನಿಗೂ ಗೊತ್ತಿತ್ತು. ಗಾಡಿಗಟ್ಟಲೆ ಮಣ್ಣು ತುಳಿದು ದಣಿದು ಬಂದ ಕಾಲಿಗೆ ಅವನು ಏಳು ವರ್ಷ ಬಸ್ಕಿ ಹೊಡೆಸಿದ್ದ, ಮೈಗಳ್ಳ ಅಂದಿದ್ದ. ಅವನು ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿ, ಶಿಷ್ಯನ ಎರಡೂ ಕಾಲು ಹಿಡಿದುಕೊಂಡ. "ಅಯ್ಯೋ, ಬಿಡಿ ಉಸ್ತಾದರೇ" ಎಂದರೂ ಬಹಳ ಹೊತ್ತು ಬಿಡಲಿಲ್ಲ. ದೊಡ್ಡ ಮನುಷ್ಯ ಅವನು. ಅರವತ್ತು ದಾಟಿದ ಮೇಲೆ, ಏಳೂರಿನ ಜನರ ಎದುರಿಗೆ ತಪ್ಪು ಒಪ್ಪಿಕೊಳ್ಳುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಮರುದಿನ ಅವನು ಗರಡಿಯ ಹುಡುಗರನ್ನೆಲ್ಲ ಕೂರಿಸಿಕೊಂಡು, ಇಲ್ಲಿಗೆ ಬರುವ ಮುಂಚೆ ಏನು ಮಾಡಿ ಬರುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದ. ಒಬ್ಬ ಮಂಡಿಯಲ್ಲಿ ಮೂಟೆ ಇಳಿಸಿ ಬರುತ್ತಿದ್ದ. ಇನ್ನೊಬ್ಬ ಮಗ್ಗದ ಗುಂಡಿಯಿಂದ ಎದ್ದು ನೇರ ಬರುತ್ತಿದ್ದ. ಅಂದಿನಿಂದ ಟಿಕೆಟ್ಟಿನ ಹಣ ಮೊದಲು ಪೈಲ್ವಾನರಿಗೆ, ಉಳಿದರೆ ಗರಡಿಗೆ ಎಂದಾಯಿತು. ಬೆಳ್ಳಿಯ ಕಿರೀಟ ಆಗಬೇಕಾಗಿದ್ದದ್ದು ನಿಂತಿತು. ಹನುಮಂತನೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಕುಸ್ತಿ ಬಿಟ್ಟು ಕೂಲಿಗೆ ಹೋಗಿದ್ದವರು ತಿರುಗಿ ಬಂದರು. ಅಗಸರ ಮಕ್ಕಳು, ಅಂಬಿಗರ ಮಕ್ಕಳು ಬಂದರು. ಆ ಸೀಮೆ ಅಂಥ ಕುಸ್ತಿಯನ್ನು ಹಿಂದೆಂದೂ ನೋಡಿರಲಿಲ್ಲ. ಹಾಗೆಂದು ಎಲ್ಲ ಸುಖವಾಗಿತ್ತು ಅನ್ನಬೇಡ. ಹೆಚ್ಚು ಕೊಡುವವರು ಸಿಕ್ಕಿದರೆ ಕೆಲವರು ಹೋಗುತ್ತಿದ್ದರು, ಬೇರೆ ಊರಿನವರು ಬರುತ್ತಿದ್ದರು. ಹೆಸರು ಬಾಯಿಗೆ ಬರುವುದರೊಳಗೆ ಹುಡುಗ ಹೋಗಿರುತ್ತಾನೆ ಎಂದು ಉಸ್ತಾದ ವರ್ಷವರ್ಷವೂ ಗೊಣಗುತ್ತಿದ್ದ. ಗೊಣಗುತ್ತಲೇ ಬಂದವರಿಗೆಲ್ಲ ಆ ಪಟ್ಟು ಕಲಿಸಿದ. ಅವನು ಸಾಯುವ ಹೊತ್ತಿಗೆ ಐದು ಗರಡಿಗಳಲ್ಲಿ ಅದನ್ನು ಬಲ್ಲವರಿದ್ದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಷಡಕ್ಷರಿಗೆ ಸಮಾಧಾನವಾಗಲಿಲ್ಲ.

"ಆದರೂ ಬುದ್ಧೀ, ಸಂಬಳ ಕೊಟ್ಟ ಮೇಲೆ ಹೋಗುವವರು ಹೋದರಲ್ಲ. ಎಲ್ಲೂ ಯಾರೂ ಕೊಡದಿದ್ದ ಕಾಲದಲ್ಲಿ ಆ ಗರಡಿ ಬಿಟ್ಟು ಇನ್ನೊಂದು ಗರಡಿಗೆ ಒಬ್ಬನೂ ಹೋಗಿರಲಿಲ್ಲ."

"ಹೊರಗಿನಿಂದ ಚಿಲಕ ಹಾಕಿದ ಮನೆಯಿಂದಲೂ ಯಾರೂ ಹೋಗುವುದಿಲ್ಲ, ಷಡಕ್ಷರಿ" ಎಂದರು ಸ್ವಾಮಿಗಳು.

ಷಡಕ್ಷರಿ ಎದ್ದುಹೋಗಿ ಆ ಮೂರು ಅರ್ಜಿಗಳಿಗೂ ರುಜು ಹಾಕಿದ.