ಹಾರ ಹಾಕಿದ ಫೋಟೋ

ಗದಗ ಕಡೆಯ ಒಂದು ಕಾಲೇಜು. ಅಲ್ಲಿನ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ಕೊಲೆಯ ಕಥೆಯೊಂದನ್ನು ಕಿರುಚಿತ್ರ ಮಾಡುತ್ತಿದ್ದರು. ಕೊಂದವರು ಯಾರೆಂಬುದು ಕೊನೆಯವರೆಗೂ ಗುಟ್ಟು. ಅಷ್ಟರಲ್ಲಿ ಕಾಲೇಜು ಕಮಿಟಿಯ ಅಧ್ಯಕ್ಷ ಸಂಗನಬಸಪ್ಪನವರ ಅಪ್ಪಣೆ ಬಂತು: “ಪ್ರತಿ ಸೀನಿನಾಗೂ ಗ್ವಾಡಿ ಮ್ಯಾಲ ನನ್ನ ಫೋಟೋ ಕಾಣಬೇಕು. ಇಲ್ಲಾಂದ್ರ ಶೂಟಿಂಗ್ ಬಂದ್!”

ಕಿಟಕಿಯಷ್ಟು ದೊಡ್ಡ ಫೋಟೋ ಬೇರೆ ಕಳಿಸಿದ್ದರು. ಹುಡುಗರ ಮುಖ ಬಾಡಿತು. ಅಟೆಂಡರ್ ನೀಲವ್ವ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಫೋಟೋ ನಾ ಹಾಕ್ತೀನಿ. ನೀವು ಕ್ಯಾಮೆರಾ ನೋಡ್ಕೋರಿ.”

ಮರುದಿನ ಅಧ್ಯಕ್ಷರು ಶೂಟಿಂಗ್ ನೋಡಲು ಬಂದರು. ಗೋಡೆಯ ಮೇಲೆ ಅವರ ಫೋಟೋ ಇತ್ತು. ಅದಕ್ಕೊಂದು ಗಂಧದ ಹಾರವಿತ್ತು. ಮುಂದೆ ಊದಿನಕಡ್ಡಿ ಹೊಗೆಯಾಡುತ್ತಿತ್ತು.

“ಏ ನೀಲವ್ವ! ನಾ ಇನ್ನೂ ಜೀವಂತ ಅದೀನಿ! ಹಾರ ತಗಿ!”

“ದೊಡ್ಡವರ ಫೋಟೋ ಬೋಳು ಇಡಬಾರದಂತ ಹಾಕೀನ್ರಿ,” ಎಂದು ನೀಲವ್ವ ತಟ್ಟನೆ ಹಾರ ತೆಗೆದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಫೋಟೋವನ್ನೇ ದಿಟ್ಟಿಸಿದಳು. “ಆದ್ರ ಸಾಹೇಬ್ರ, ಈಗ ಇನ್ನೊಂದು ತ್ರಾಸು ಬಂತಲ್ರಿ. ಕೊಲಿ ಆದಲ್ಲೆಲ್ಲ ನಿಮ್ಮ ಮಾರಿನ ಕಂಡ್ರ, ಕೊಂದಾಂವ ಇವನ ಅಂತಾರ ಮಂದಿ. ಹಾರ ಇದ್ರ ಸತ್ತಾಂವ, ಇಲ್ಲಾಂದ್ರ ಕೊಂದಾಂವ. ಯಾವುದು ಮಾಡೂಣ್ರಿ?”

ಅಧ್ಯಕ್ಷರು ತಾವೇ ಕುರ್ಚಿ ಹತ್ತಿ ಫೋಟೋ ಇಳಿಸಿಕೊಂಡರು. ಬಾಗಿಲ ಬಳಿ ತಿರುಗಿ, “ಸಿನಿಮಾದಾಗ ನನ್ನ ಹೆಸರಾದ್ರೂ ಹಾಕ್ತೀರಿಲ್ಲೋ?” ಎಂದರು.

“ಮೊದಲಿಗೇ ಹಾಕ್ತೀವ್ರಿ,” ಎಂದಳು ನೀಲವ್ವ. “‘ಈ ಕೊಲೆಗೂ ನಮ್ಮ ಅಧ್ಯಕ್ಷರಿಗೂ ಯಾವ ಸಂಬಂಧವೂ ಇಲ್ಲ’ ಅಂತ.”